ಒಬ್ಬನ ತೀರ್ಮಾನಕ್ಕೆ ಬಿಟ್ಟ ಅಣೆಕಟ್ಟೆ

ಅಣೆಕಟ್ಟೆ ಎಂದರೇನು ಎಂಬ ಪ್ರಶ್ನೆಗೆ ರೈತ ಕೊಡುವ ಉತ್ತರ ಬೇರೆ, ಎಂಜಿನಿಯರ್ ಕೊಡುವ ಉತ್ತರ ಬೇರೆ, ಕಾನೂನು ಕೊಡುವ ಉತ್ತರವೇ ಬೇರೆ. ರೈತನ ಪಾಲಿಗೆ ಅದು ಕಾಲುವೆಗೆ ಹರಿದು ಬರುವ ನೀರು. ಎಂಜಿನಿಯರನ ಪಾಲಿಗೆ ನೀರಿನ ಒತ್ತಡವನ್ನು ತಡೆದು ನಿಲ್ಲಬೇಕಾದ ಭಾರ. ಕಾನೂನಿನ ಪಾಲಿಗಾದರೋ ಅದು ಕೆಲವು ಅಂಕಿಗಳು ಮಾತ್ರ: ಎತ್ತರ ಎಷ್ಟು, ಹಿಡಿದಿಡುವ ನೀರೆಷ್ಟು, ಕೆಳಪಾತ್ರದಲ್ಲಿ ವಾಸವಾಗಿರುವ ಜನರೆಷ್ಟು. ಈ ಅಂಕಿಗಳು ಒಂದು ಗೆರೆಯನ್ನು ದಾಟಿದರೆ ಆ ಕಟ್ಟೆಯ ಮೇಲೆ ಸರ್ಕಾರದ ಕಣ್ಣು ಬೀಳುತ್ತದೆ. ದಾಟದಿದ್ದರೆ ಅದರ ಭದ್ರತೆ ಮಾಲೀಕನ ವಿವೇಕಕ್ಕೆ ಬಿಟ್ಟ ಸಂಗತಿಯಾಗುತ್ತದೆ.

ಗೆಜೆಟ್ಟಿನ ಪುಟಗಳಲ್ಲಿ ಒಣಗಿದಂತೆ ಕಾಣುವ ಈ ಗೆರೆಗಳು ಸುಮ್ಮನೆ ಹುಟ್ಟಿದವಲ್ಲ. ಜಗತ್ತಿನ ಬಹುತೇಕ ಅಣೆಕಟ್ಟೆ ಸುರಕ್ಷತಾ ಕಾನೂನುಗಳ ಹಿಂದೆ ಯಾವುದೋ ಒಂದು ರಾತ್ರಿ, ಯಾವುದೋ ಒಂದು ಕಣಿವೆ, ಒಂದಷ್ಟು ಶವಗಳಿವೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಕಾನೂನಿನ ಹಿಂದೆ ಇವುಗಳ ಜೊತೆಗೆ ಒಬ್ಬ ಮನುಷ್ಯನ ಇಡೀ ಬದುಕೂ ಇದೆ. ಆತ ವಿಲಿಯಂ ಮುಲ್‌ಹಾಲೆಂಡ್. ಮರುಭೂಮಿಯ ಅಂಚಿನ ಒಂದು ಪಟ್ಟಣಕ್ಕೆ ನೀರು ತಂದು ಅದನ್ನು ಮಹಾನಗರವಾಗಿಸಿದ ಕೀರ್ತಿ ಆತನದು. ಅದೇ ಕೈಯಿಂದ ಕಟ್ಟಿದ ಅಣೆಕಟ್ಟೆಯೊಂದು ಒಡೆದು ನಾನೂರಕ್ಕೂ ಹೆಚ್ಚು ಜನರನ್ನು ಕೊಚ್ಚಿಕೊಂಡು ಹೋದ ಅಪಕೀರ್ತಿಯೂ ಆತನದೇ.

ಮುಲ್‌ಹಾಲೆಂಡ್ ಹುಟ್ಟಿದ್ದು 1855ರ ಸೆಪ್ಟೆಂಬರ್ 11ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ನಮ್ಮ ವಿಶ್ವೇಶ್ವರಯ್ಯನವರಿಗಿಂತ ಐದಾರು ವರ್ಷ ಹಿರಿಯ. ಬೆಳೆದದ್ದು ಡಬ್ಲಿನ್‌ನಲ್ಲಿ. ತಂದೆ ಅಂಚೆ ಇಲಾಖೆಯ ನೌಕರ. ಏಳನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗನಿಗೆ ಶಾಲೆಯೂ ಒಗ್ಗಲಿಲ್ಲ, ಮನೆಯೂ ಒಗ್ಗಲಿಲ್ಲ. ಹದಿನೈದರ ಪ್ರಾಯದಲ್ಲಿ ಹಡಗು ಸೇರಿದ. ನಾಲ್ಕು ವರ್ಷ ಅಟ್ಲಾಂಟಿಕ್ ಸಾಗರದಲ್ಲಿ ಅತ್ತಿಂದಿತ್ತ ಅಲೆದು 1874ರಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿದ. ಮಹಾಸರೋವರಗಳ ಸರಕು ಹಡಗುಗಳಲ್ಲಿ ದುಡಿದ, ಮಿಷಿಗನ್ ಕಾಡುಗಳಲ್ಲಿ ಮರ ಕಡಿದ, ಪಿಟ್ಸ್‌ಬರ್ಗ್‌ನಲ್ಲಿ ಚಿಕ್ಕಪ್ಪನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಅಲ್ಲಿಂದ ತಮ್ಮನೊಡನೆ ಹಡಗೇರಿ, ಪನಾಮ ಭೂಕಂಠವನ್ನು ಕಾಲ್ನಡಿಗೆಯಲ್ಲೇ ದಾಟಿ 1877ರಲ್ಲಿ ಲಾಸ್ ಏಂಜಲೀಸ್ ತಲುಪಿದ. ಆಗ ಆ ಊರಿನ ಜನಸಂಖ್ಯೆ ಹತ್ತು ಸಾವಿರದ ಆಸುಪಾಸು.

ಮರುವರ್ಷ ಊರಿಗೆ ನೀರು ಪೂರೈಸುತ್ತಿದ್ದ ಖಾಸಗಿ ಕಂಪೆನಿಯಲ್ಲಿ ಆತನಿಗೆ ಕೆಲಸ ಸಿಕ್ಕಿತು. ಕೆಲಸವೆಂದರೆ ನಾಲೆಯ ಹೂಳು ಎತ್ತುವುದು, ಕಳೆ ಕೀಳುವುದು, ನೀರು ಪೋಲಾಗದಂತೆ ನೋಡಿಕೊಳ್ಳುವುದು. ನಮ್ಮ ಹಳ್ಳಿಗಳ ನೀರುಗಂಟಿ ಮಾಡುವ ಕೆಲಸವೇ ಅದು. ಹಗಲು ಗುದ್ದಲಿ ಹಿಡಿದ ಕೈ ರಾತ್ರಿ ಪುಸ್ತಕ ಹಿಡಿಯುತ್ತಿತ್ತು. ಗಣಿತ, ಜಲವಿಜ್ಞಾನ, ಭೂವಿಜ್ಞಾನ ಎಲ್ಲವನ್ನೂ ಗುಡಿಸಲಿನ ದೀಪದ ಬೆಳಕಿನಲ್ಲಿ ತಾನೇ ಓದಿ ಕಲಿತ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. 1886ರ ಹೊತ್ತಿಗೆ ಕಂಪೆನಿಯ ಮೇಲ್ವಿಚಾರಕನಾದ. 1902ರಲ್ಲಿ ನಗರಸಭೆಯು ಕಂಪೆನಿಯನ್ನು ಕೊಂಡುಕೊಂಡಾಗ ಕೊಳವೆಗಳೊಂದಿಗೆ ಮುಲ್‌ಹಾಲೆಂಡ್‌ನನ್ನೂ ಪಡೆದುಕೊಂಡಿತು. ಊರಿನ ನೆಲದಡಿಯ ಜಾಲದ ಪೂರ್ಣ ನಕ್ಷೆ ಕಾಗದದ ಮೇಲೆ ಇರಲಿಲ್ಲ, ಆತನ ತಲೆಯಲ್ಲಿತ್ತು ಎಂಬುದು ಆ ಕಾಲದ ಪ್ರಸಿದ್ಧ ಸಂಗತಿ. ಕಡತದಲ್ಲಿರಬೇಕಾದದ್ದು ಒಬ್ಬನ ನೆನಪಿನಲ್ಲಿದೆ ಎಂಬುದನ್ನು ಜನ ಮೆಚ್ಚುಗೆಯಿಂದ ಹೇಳಿಕೊಂಡರು. ಅದರಲ್ಲಿ ಅಪಾಯವೂ ಇದೆಯೆಂದು ಯಾರಿಗೂ ಅನ್ನಿಸಲಿಲ್ಲ.

ನಗರ ಬೆಳೆಯುತ್ತಿತ್ತು. 1900ರಲ್ಲಿ ಒಂದು ಲಕ್ಷವಿದ್ದ ಜನ ಹತ್ತೇ ವರ್ಷದಲ್ಲಿ ಮೂರು ಲಕ್ಷ ದಾಟಿದರು. ಸ್ಥಳೀಯ ನದಿಯ ನೀರು ಸಾಲದು ಎಂದು ಮುಲ್‌ಹಾಲೆಂಡ್‌ಗೆ ಮನವರಿಕೆಯಾಗಿತ್ತು. 1904ರಲ್ಲಿ, ಹಿಂದೆ ತನಗೆ ಮೇಲಧಿಕಾರಿಯಾಗಿದ್ದ ಫ್ರೆಡ್ ಈಟನ್ ಜೊತೆ ಕುದುರೆ ಗಾಡಿಯಲ್ಲಿ ಹೊರಟು, ಸಿಯೆರಾ ನೆವಾಡ ಪರ್ವತದ ಮಗ್ಗುಲಿನ ಓವೆನ್ಸ್ ಕಣಿವೆಯನ್ನು ನೋಡಿ ಬಂದ. ಹಿಮ ಕರಗಿ ಹರಿಯುವ ನದಿ ಅಲ್ಲಿತ್ತು. ಅದರ ಮಟ್ಟ ಲಾಸ್ ಏಂಜಲೀಸ್‌ಗಿಂತ ಬಹಳ ಎತ್ತರದಲ್ಲಿತ್ತು. ಪಂಪು ಇಲ್ಲದೆಯೇ, ಇಳಿಜಾರಿನ ಬಲದಿಂದಲೇ ನೀರು ತರಬಹುದೆಂದು ಆತ ಲೆಕ್ಕ ಹಾಕಿದ. ಮತದಾರರು 2.3 ಕೋಟಿ ಡಾಲರ್ ಸಾಲಪತ್ರಕ್ಕೆ 1907ರಲ್ಲಿ ಒಪ್ಪಿಗೆ ಕೊಟ್ಟರು. ಮರುಭೂಮಿಯಲ್ಲಿ, ಬೆಟ್ಟಗಳ ಒಡಲಲ್ಲಿ ಸಾವಿರಾರು ಕಾರ್ಮಿಕರು ದುಡಿದು ಸುಮಾರು 375 ಕಿಲೋಮೀಟರ್ ಉದ್ದದ ಮೇಲ್ಗಾಲುವೆಯನ್ನು ಕಟ್ಟಿದರು. 1913ರ ನವೆಂಬರ್ 5ರಂದು ನಗರದ ಅಂಚಿನ ಬೆಟ್ಟದಿಂದ ನೀರು ಧುಮ್ಮಿಕ್ಕಿದಾಗ ನೋಡಲು ಸೇರಿದ್ದ ಜನ ಮೂವತ್ತು ಸಾವಿರಕ್ಕೂ ಮಿಗಿಲು. ಆ ದಿನ ಮುಲ್‌ಹಾಲೆಂಡ್ ಮಾಡಿದ ಭಾಷಣ ಬೆರಳೆಣಿಕೆಯ ಪದಗಳಲ್ಲಿ ಮುಗಿಯಿತು. ಮುಂದಿನ ವರ್ಷ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಈ ಕಾಲೇಜು ಕಾಣದ ಎಂಜಿನಿಯರನಿಗೆ ಗೌರವ ಡಾಕ್ಟರೇಟ್ ನೀಡಿತು. ಮೇಯರ್ ಸ್ಥಾನಕ್ಕೆ ನಿಲ್ಲಬೇಕೆಂಬ ಒತ್ತಾಯವನ್ನು ಆತ ನಕ್ಕು ತಳ್ಳಿಹಾಕಿದ. 1924ರಲ್ಲಿ ಬೆಟ್ಟದ ನೆತ್ತಿಯ ಹೆದ್ದಾರಿಯೊಂದಕ್ಕೆ ಆತನ ಹೆಸರಿಟ್ಟರು.

ಈ ಯಶಸ್ಸಿಗೆ ಇನ್ನೊಂದು ಮುಖವೂ ಇತ್ತು. ಓವೆನ್ಸ್ ಕಣಿವೆಯ ರೈತರ ಜಮೀನು ಮತ್ತು ನೀರಿನ ಹಕ್ಕುಗಳನ್ನು ನಗರದ ಪರವಾಗಿ ಕೊಂಡ ರೀತಿ ಪಾರದರ್ಶಕವಾಗಿರಲಿಲ್ಲ. ನದಿ ನಗರದತ್ತ ತಿರುಗಿತು, ಕಣಿವೆಯ ಸರೋವರ ಒಣಗಿತು, ತೋಟಗಳು ಹಾಳುಬಿದ್ದವು. 1924ರಿಂದ ರೈತರು ಮೇಲ್ಗಾಲುವೆಗೆ ಡೈನಮೈಟ್ ಇಡತೊಡಗಿದರು. ಒಮ್ಮೆ ತೂಬುಗಳನ್ನೇ ವಶಪಡಿಸಿಕೊಂಡು ನೀರನ್ನು ನಾಲ್ಕು ದಿನ ಮರುಭೂಮಿಗೆ ಬಿಟ್ಟರು. ಈ ಸಂಘರ್ಷ ಎಷ್ಟು ಆಳವಾಗಿ ನೆನಪಿನಲ್ಲಿ ಉಳಿಯಿತೆಂದರೆ, ಅರ್ಧ ಶತಮಾನದ ನಂತರ 1974ರಲ್ಲಿ ಬಂದ ‘ಚೈನಾಟೌನ್’ ಚಲನಚಿತ್ರ ಅದರಿಂದಲೇ ಪ್ರೇರಣೆ ಪಡೆಯಿತು.

ಅಣೆಕಟ್ಟೆಯ ಕತೆ ಶುರುವಾಗುವುದು ಇಲ್ಲಿಂದ. ಡೈನಮೈಟ್ ಭಯ ಒಂದು ಕಡೆ, ಬರಗಾಲ ಮತ್ತೊಂದು ಕಡೆ. ಮೇಲ್ಗಾಲುವೆಯು ಸ್ಯಾನ್ ಆಂಡ್ರಿಯಾಸ್ ಎಂಬ ದೊಡ್ಡ ಭೂಸ್ತರಭಂಗವನ್ನು ದಾಟಿ ಬರುತ್ತಿದ್ದುದರಿಂದ ಭೂಕಂಪವಾದರೆ ನಗರಕ್ಕೆ ನೀರಿಲ್ಲ ಎಂಬ ಚಿಂತೆ ಇನ್ನೊಂದು ಕಡೆ. ಭಂಗದ ಈಚೆಗೆ, ನಗರದ ಸಮೀಪದಲ್ಲಿ, ಸುಮಾರು ಒಂದು ವರ್ಷಕ್ಕೆ ಸಾಲುವಷ್ಟು ನೀರು ಕೂಡಿಡಬೇಕೆಂದು ಮುಲ್‌ಹಾಲೆಂಡ್ ನಿರ್ಧರಿಸಿದ. ನಗರದಿಂದ ಸುಮಾರು 65 ಕಿಲೋಮೀಟರ್ ದೂರದ ಸ್ಯಾನ್ ಫ್ರಾನ್ಸಿಸ್ಕಿಟೊ ಕಮರಿಯಲ್ಲಿ ಸೇಂಟ್ ಫ್ರಾನ್ಸಿಸ್ ಅಣೆಕಟ್ಟೆಯ ಕೆಲಸ 1924ರಲ್ಲಿ ಆರಂಭವಾಗಿ 1926ರಲ್ಲಿ ಮುಗಿಯಿತು. ಸುಮಾರು 60 ಮೀಟರ್ ಎತ್ತರದ, ಬಾಗಿದ ಕಾಂಕ್ರೀಟ್ ಗೋಡೆ ಅದು.

ಮುಲ್‌ಹಾಲೆಂಡ್ ಅದುವರೆಗೆ ಹಲವು ಅಣೆಕಟ್ಟೆಗಳನ್ನು ಕಟ್ಟಿದ್ದ. ಆದರೆ ಹೆಚ್ಚಿನವು ಮಣ್ಣಿನವು. ಕಾಂಕ್ರೀಟ್ ಕಟ್ಟೆಗಳ ಅನುಭವ ಹಾಲಿವುಡ್ ಬೆಟ್ಟಗಳಲ್ಲಿ 1924ರಲ್ಲಿ ಮುಗಿದ ಒಂದೇ ಒಂದು ಕಟ್ಟೆಯದು. ಅದರ ವಿನ್ಯಾಸವನ್ನೇ ಇಲ್ಲಿಗೂ ಹೊಂದಿಸಿಕೊಳ್ಳಲಾಯಿತು. ಎಚ್ಚರಿಕೆಯ ಗಂಟೆ ಹಿಂದೊಮ್ಮೆ ಬಾರಿಸಿತ್ತು. ಆತ ಸಲಹೆಗಾರನಾಗಿದ್ದ ಉತ್ತರ ಕ್ಯಾಲಿಫೋರ್ನಿಯದ ಕ್ಯಾಲವೆರಾಸ್ ಮಣ್ಣಿನ ಅಣೆಕಟ್ಟೆ 1918ರಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಕುಸಿದು ಜಾರಿತ್ತು. ಜೀವಹಾನಿಯಾಗದ ಕಾರಣ ಅದು ಆತನ ಹೆಸರಿಗೆ ಅಷ್ಟಾಗಿ ಮಸಿ ಬಳಿಯಲಿಲ್ಲ.

ಸೇಂಟ್ ಫ್ರಾನ್ಸಿಸ್ ನಿರ್ಮಾಣದ ಹೊತ್ತಿನಲ್ಲಿ ಹೆಚ್ಚು ನೀರು ಬೇಕೆನಿಸಿ ಕಟ್ಟೆಯ ಎತ್ತರವನ್ನು ಎರಡು ಸಲ, ಹತ್ತು ಹತ್ತು ಅಡಿಯಂತೆ ಏರಿಸಲಾಯಿತು. ಬುಡದ ಅಗಲವನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಲಿಲ್ಲ. ಕಟ್ಟೆಯ ತಳದ ಬಂಡೆಯೊಳಗೆ ಇಳಿಯುವ ನೀರು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಈ ಒತ್ತಡವನ್ನು ಇಳಿಸುವ ಬಸಿಗೊಳವೆಗಳನ್ನು ನಡುಭಾಗದಲ್ಲಿ ಮಾತ್ರ ಹಾಕಿದ್ದರು, ಎರಡೂ ಬದಿಯ ಇಳಿಜಾರುಗಳಲ್ಲಿ ಹಾಕಿರಲಿಲ್ಲ. ಎಡದಂಡೆಯದು ಪದರಪದರವಾಗಿ ಬಿಚ್ಚಿಕೊಳ್ಳುವ ಅಭ್ರಕದ ಶಿಲೆ. ಬಲದಂಡೆಯದು ಒಣಗಿದಾಗ ಗಟ್ಟಿಯಾಗಿ ಕಂಡು, ನೆನೆದರೆ ಮೆತ್ತಗಾಗಿ ಕರಗುವ ಕಲ್ಲುಮಿಶ್ರಿತ ಶಿಲೆ. ಎರಡರ ನಡುವೆ ಒಂದು ಹಳೆಯ ಭೂಸ್ತರಭಂಗ. ಎಡದಂಡೆಯ ಶಿಲೆಯ ದೌರ್ಬಲ್ಯವನ್ನು ಮೇಲ್ಗಾಲುವೆಯ ಸುರಂಗ ಕೊರೆಯುವಾಗ ಮುಲ್‌ಹಾಲೆಂಡ್ ತಾನೇ ಗಮನಿಸಿದ್ದ.

ಹಾಗಿದ್ದರೆ ಬೇರೆ ಯಾರೂ ಈ ನಕ್ಷೆಗಳನ್ನು ಪರಿಶೀಲಿಸಲಿಲ್ಲವೇ? ಇಲ್ಲ. ಇಡೀ ದುರಂತದ ತಿರುಳು ಇರುವುದೇ ಇಲ್ಲಿ. ಕ್ಯಾಲಿಫೋರ್ನಿಯದಲ್ಲಿ ಅಣೆಕಟ್ಟೆಗಳ ಸುರಕ್ಷತೆಗೆಂದು 1917ರಲ್ಲೇ ಒಂದು ಕಾನೂನು ಬಂದಿತ್ತು. ಹತ್ತು ಅಡಿಗಿಂತ ಎತ್ತರದ ಕಟ್ಟೆಗಳು ರಾಜ್ಯದ ಮುಖ್ಯ ಎಂಜಿನಿಯರ್ ಅನುಮೋದನೆ ಪಡೆಯಬೇಕೆಂದು ಅದು ಹೇಳಿತ್ತು. ಆದರೆ ಸ್ವಂತ ಎಂಜಿನಿಯರಿಂಗ್ ವಿಭಾಗ ಹೊಂದಿದ ನಗರಸಭೆಗಳಿಗೆ ಅದರಿಂದ ವಿನಾಯಿತಿ ಇತ್ತು. ಸಾಧಾರಣ ರೈತನೊಬ್ಬ ಹನ್ನೆರಡು ಅಡಿಯ ಕಟ್ಟೆ ಹಾಕಿದರೆ ಸರ್ಕಾರಕ್ಕೆ ನಕ್ಷೆ ಒಪ್ಪಿಸಬೇಕು. ಲಾಸ್ ಏಂಜಲೀಸ್ ನಗರ ಇನ್ನೂರು ಅಡಿಯ ಕಟ್ಟೆ ಹಾಕಿದರೆ ಯಾರಿಗೂ ಹೇಳಬೇಕಾಗಿರಲಿಲ್ಲ. ಅಂದರೆ ಕಾನೂನು ಅಣೆಕಟ್ಟೆಗಳನ್ನು ಕೊನೆಗೂ ವಿಂಗಡಿಸಿದ್ದು ಅವುಗಳ ಅಪಾಯದ ಮೇಲಲ್ಲ, ಮಾಲೀಕನ ಪ್ರತಿಷ್ಠೆಯ ಮೇಲೆ. ಬಲ್ಲವರಿಗೆ ತಪಾಸಣೆ ಬೇಡ ಎಂಬ ಆ ನಂಬಿಕೆ ಮೇಲ್ನೋಟಕ್ಕೆ ವಿವೇಕವೆಂದೇ ತೋರುತ್ತದೆ. ಮುಲ್‌ಹಾಲೆಂಡ್‌ನಂಥವನ ಕೆಲಸವನ್ನು ತಿದ್ದಬಲ್ಲವರು ಯಾರಿದ್ದಾರೆ ಎಂದು ಕೇಳಿದ್ದರೆ ಅಂದಿನ ಲಾಸ್ ಏಂಜಲೀಸ್‌ನಲ್ಲಿ ಉತ್ತರ ಸಿಗುತ್ತಿರಲಿಲ್ಲ.

1928ರ ಮಾರ್ಚ್ ಮೊದಲ ವಾರದಲ್ಲಿ ಜಲಾಶಯ ಮೊದಲ ಬಾರಿಗೆ ಭರ್ತಿಯಾಯಿತು. ಮಾರ್ಚ್ 12ರ ಬೆಳಿಗ್ಗೆ ಕಟ್ಟೆಯ ಕಾವಲುಗಾರನಿಗೆ ಹೊಸ ಸೋರಿಕೆಯೊಂದು ಕಂಡಿತು. ನೀರು ಕೆಸರು ಬಣ್ಣದ್ದಾಗಿತ್ತು. ಸೋರುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಕೆಸರಾಗಿದ್ದರೆ ಕಟ್ಟೆಯ ಬುಡದ ಮಣ್ಣು ಕೊಚ್ಚಿಹೋಗುತ್ತಿರಬಹುದು. ಆತ ಕೂಡಲೇ ಫೋನ್ ಮಾಡಿದ. ಮುಲ್‌ಹಾಲೆಂಡ್ ತನ್ನ ಸಹಾಯಕ ಹಾರ್ವೆ ವ್ಯಾನ್ ನಾರ್ಮನ್ ಜೊತೆ ಬಂದು ಸುಮಾರು ಎರಡು ಗಂಟೆ ಪರೀಕ್ಷಿಸಿದ. ಸೋರಿಕೆಯ ನೀರು ಹೊರಬರುವಾಗ ತಿಳಿಯಾಗಿಯೇ ಇದೆ, ಹೊಸ ರಸ್ತೆಯ ಮಣ್ಣು ಬೆರೆತು ಕೆಂಪಾಗಿದೆ ಎಂಬ ತೀರ್ಮಾನಕ್ಕೆ ಬಂದ. ಇಂತಹ ಗಾತ್ರದ ಕಟ್ಟೆಗೆ ಇಷ್ಟು ಸೋರಿಕೆ ಸಹಜ, ಅಪಾಯವಿಲ್ಲ ಎಂದು ಹೇಳಿ ನಗರಕ್ಕೆ ಮರಳಿದ.

ಅದೇ ರಾತ್ರಿ ಹನ್ನೆರಡಕ್ಕೆ ಎರಡು ಮೂರು ನಿಮಿಷ ಇರುವಾಗ ಕಟ್ಟೆ ಒಡೆಯಿತು. ಮೊದಲಿಗೆ ಎದ್ದ ಅಲೆಯ ಎತ್ತರ ಸುಮಾರು 140 ಅಡಿ. ಕಾವಲುಗಾರನೂ ಆತನ ಆರು ವರ್ಷದ ಮಗನೂ ಮೊದಲ ಬಲಿಗಳ ಪೈಕಿ. ಕೆಳಗಿನ ವಿದ್ಯುದಾಗಾರ ಕೆಲವೇ ನಿಮಿಷಗಳಲ್ಲಿ ಹೇಳಹೆಸರಿಲ್ಲದಂತಾಯಿತು. ಸಾಂತಾ ಕ್ಲಾರಾ ನದಿಯ ದಂಡೆಯಲ್ಲಿ ಗುಡಾರಗಳಲ್ಲಿ ಮಲಗಿದ್ದ ವಿದ್ಯುತ್ ಕಂಪೆನಿಯ ಕಾರ್ಮಿಕರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಿತ್ತಳೆ ತೋಟಗಳ ನಡುವೆ ಬಿಡಾರ ಹೂಡಿದ್ದ ಮೆಕ್ಸಿಕನ್ ಮೂಲದ ಕೂಲಿಕಾರರ ಕುಟುಂಬಗಳು ಕೊಚ್ಚಿಹೋದವು. ಅವರಲ್ಲಿ ಎಷ್ಟೋ ಜನರ ಲೆಕ್ಕವೇ ಆಗಿನ ದಾಖಲೆಗಳಲ್ಲಿ ಸರಿಯಾಗಿ ಸಿಗಲಿಲ್ಲ. ಸಾಂತಾ ಪೌಲಾ ಪಟ್ಟಣದಲ್ಲಿ ದೂರವಾಣಿ ವಿನಿಮಯ ಕೇಂದ್ರದ ಹೆಣ್ಣುಮಕ್ಕಳು ಜಾಗ ಬಿಟ್ಟು ಕದಲದೆ ಮನೆಮನೆಗೆ ಕರೆ ಮಾಡಿದರು. ಮೋಟಾರ್‌ಸೈಕಲ್ ಪೊಲೀಸರು ಬಾಗಿಲು ಬಡಿದು ಜನರನ್ನು ಎಬ್ಬಿಸಿದರು. ಇಲ್ಲದಿದ್ದರೆ ಸಾವಿನ ಸಂಖ್ಯೆ ಇನ್ನೆಷ್ಟೋ ಆಗುತ್ತಿತ್ತು. 87 ಕಿಲೋಮೀಟರ್ ಹರಿದ ಪ್ರವಾಹ ಬೆಳಗಿನ ಜಾವ ಐದೂವರೆಗೆ ಪೆಸಿಫಿಕ್ ಸಾಗರ ಸೇರಿತು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಆ ಜಲಾಶಯದಲ್ಲಿದ್ದ ನೀರು ನಮ್ಮ ಲೆಕ್ಕದಲ್ಲಿ 1.7 ಟಿಎಂಸಿಗಿಂತ ಕಡಿಮೆ. ನಮ್ಮ ಕೃಷ್ಣರಾಜ ಸಾಗರದ ಪೂರ್ಣ ಸಂಗ್ರಹ 49 ಟಿಎಂಸಿಗೂ ಹೆಚ್ಚು. ಅಂದರೆ ಅದರ ಸುಮಾರು ಮೂವತ್ತನೆಯ ಒಂದು ಪಾಲು ನೀರು ನಾನೂರಕ್ಕೂ ಮಿಕ್ಕಿ ಜನರನ್ನು ಕೊಂದಿತು. ಅಣೆಕಟ್ಟೆಯ ಅಪಾಯ ಅದರ ಗಾತ್ರದಲ್ಲಿ ಮಾತ್ರವಲ್ಲ, ಅದರ ಕೆಳಗೆ ಯಾರು ಮಲಗಿದ್ದಾರೆ ಎಂಬುದರಲ್ಲೂ ಇದೆ.

ಗವರ್ನರ್ ನೇಮಿಸಿದ ತಜ್ಞರ ಸಮಿತಿ ಎರಡು ವಾರದೊಳಗೇ ವರದಿ ಕೊಟ್ಟಿತು. ತಳಪಾಯದ ಶಿಲೆ ಅಣೆಕಟ್ಟೆಗೆ ಯೋಗ್ಯವಾಗಿರಲಿಲ್ಲ ಎಂದಿತು. ಸಾವುಗಳ ಕಾರಣ ಹುಡುಕಲು ನಡೆದ ಅಧಿಕೃತ ವಿಚಾರಣೆಯಲ್ಲಿ 72ರ ಹರೆಯದ ಮುಲ್‌ಹಾಲೆಂಡ್ ಸಾಕ್ಷಿಕಟ್ಟೆ ಏರಿದ. ವಿಧ್ವಂಸಕ ಕೃತ್ಯ ನಡೆದಿರಬಹುದೆಂಬ ಗುಮಾನಿ ಆತನಿಗಿತ್ತು. ಅದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಆತ ಕೆಳಗಿನವರತ್ತ ಬೆರಳು ತೋರಲಿಲ್ಲ. ಮನುಷ್ಯನ ತೀರ್ಮಾನದಲ್ಲಿ ತಪ್ಪಾಗಿದ್ದರೆ ಆ ಮನುಷ್ಯ ತಾನೇ, ಬೇರೆ ಯಾರನ್ನೂ ದೂರುವುದು ಬೇಡ ಎಂದು ಹೇಳಿದ. ಸತ್ತವರನ್ನು ಕಂಡು ತನಗೆ ಅಸೂಯೆಯಾಗುತ್ತದೆ ಎಂಬರ್ಥದ ಮಾತನ್ನೂ ಆಡಿದ. ಅಧಿಕಾರದಲ್ಲಿರುವವರು ಹೊಣೆಯನ್ನು ಕಡತದಿಂದ ಕಡತಕ್ಕೆ ಜಾರಿಸುವುದನ್ನು ನೋಡಿ ಬೇಸತ್ತ ನಮಗೆ ಈ ನಡತೆ ದೊಡ್ಡದಾಗಿ ಕಾಣುವುದು ಸಹಜ. ಅದು ನಿಜಕ್ಕೂ ದೊಡ್ಡದೇ.

ತೀರ್ಪುಗಾರರ ಮಂಡಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕ್ರಿಮಿನಲ್ ಅಪರಾಧ ನಡೆದಿಲ್ಲವೆಂದು ಹೇಳಿ, ಎಂಜಿನಿಯರಿಂಗ್ ವಿವೇಚನೆಯ ತಪ್ಪನ್ನು ಗುರುತಿಸಿ, ಅದಕ್ಕೆ ಒಂದು ಶಿಫಾರಸನ್ನು ಸೇರಿಸಿತು: ದೊಡ್ಡ ಅಣೆಕಟ್ಟೆಯ ನಿರ್ಮಾಣ ಮತ್ತು ನಿರ್ವಹಣೆಯನ್ನು, ಆತ ಎಷ್ಟೇ ಶ್ರೇಷ್ಠನಾಗಿರಲಿ, ಒಬ್ಬನೇ ವ್ಯಕ್ತಿಯ ತೀರ್ಮಾನಕ್ಕೆ ಬಿಡಬಾರದು. ಹೊಣೆ ಹೊರಲು ಸಿದ್ಧನಾದ ಒಬ್ಬ ಸಜ್ಜನ ಸಿಕ್ಕಿದ ಮಾತ್ರಕ್ಕೆ ವ್ಯವಸ್ಥೆಯ ಲೋಪ ಮುಚ್ಚಿಹೋಗುವುದಿಲ್ಲ ಎಂಬುದನ್ನು ಆ ಸಾಮಾನ್ಯ ನಾಗರಿಕರು ಕಂಡುಕೊಂಡಿದ್ದರು.

1928ರ ಕೊನೆಯಲ್ಲಿ ಮುಲ್‌ಹಾಲೆಂಡ್ ನಿವೃತ್ತನಾದ. ಉಳಿದ ಬದುಕನ್ನು ಬಹುಮಟ್ಟಿಗೆ ಏಕಾಂತದಲ್ಲಿ ಕಳೆದು 1935ರ ಜುಲೈ 22ರಂದು ತೀರಿಕೊಂಡ. ದಶಕಗಳ ನಂತರ ಭೂಎಂಜಿನಿಯರ್ ಡೇವಿಡ್ ರೋಜರ್ಸ್ ದುರಂತವನ್ನು ಮತ್ತೆ ಅಧ್ಯಯನ ಮಾಡಿ, ಎಡದಂಡೆಯ ಗುಡ್ಡ ಪ್ರಾಚೀನ ಭೂಕುಸಿತವೊಂದರ ಭಾಗವಾಗಿತ್ತೆಂದೂ ನೀರು ನುಗ್ಗಿದಾಗ ಅದು ಮತ್ತೆ ಜಾರಿತೆಂದೂ ತೋರಿಸಿದರು. 1920ರ ದಶಕದ ಭೂವಿಜ್ಞಾನಕ್ಕೆ ಅಂತಹ ಹಳೆಯ ಕುಸಿತವನ್ನು ಗುರುತಿಸುವ ಶಕ್ತಿ ಹೆಚ್ಚೇನೂ ಇರಲಿಲ್ಲ. ಇದು ಮುಲ್‌ಹಾಲೆಂಡ್‌ನ ಹೊರೆಯನ್ನು ಸ್ವಲ್ಪ ಇಳಿಸುತ್ತದೆ. ಆದರೆ ಬುಡ ಅಗಲಿಸದೆ ಎತ್ತರ ಏರಿಸಿದ್ದನ್ನು, ಬದಿಗಳಲ್ಲಿ ಬಸಿಗೊಳವೆ ಬಿಟ್ಟದ್ದನ್ನು ಹೊರಗಿನ ಸಮರ್ಥ ಕಣ್ಣೊಂದು ಅಂದೇ ಪ್ರಶ್ನಿಸಬಹುದಾಗಿತ್ತು. ಗೊತ್ತಿಲ್ಲದ್ದನ್ನು ಕಾನೂನು ಪತ್ತೆ ಹಚ್ಚಲಾರದು. ಗೊತ್ತಿದ್ದೂ ಕಡೆಗಣಿಸಿದ್ದನ್ನು ಪತ್ತೆ ಹಚ್ಚಬಲ್ಲದು.

ಆ ಕಣ್ಣನ್ನು ಕಾನೂನು ಒದಗಿಸಿದ್ದು 1929ರಲ್ಲಿ. ನಗರಸಭೆಗಳ ವಿನಾಯಿತಿ ಹೋಯಿತು. ಕೇಂದ್ರ ಸರ್ಕಾರದವನ್ನು ಬಿಟ್ಟು ಉಳಿದೆಲ್ಲ ಕಟ್ಟೆಗಳ ಮೇಲೆ ರಾಜ್ಯಕ್ಕೆ ಅಧಿಕಾರ ಬಂತು. ಹಾಲಿವುಡ್ ಬೆಟ್ಟದ, ಮುಲ್‌ಹಾಲೆಂಡ್ ಹೆಸರನ್ನೇ ಹೊತ್ತ ಕಟ್ಟೆಯ ನೀರಿನ ಮಟ್ಟವನ್ನು ಇಳಿಸಿ, ಕೆಳಮುಖಕ್ಕೆ ಭಾರಿ ಪ್ರಮಾಣದ ಮಣ್ಣನ್ನು ಒತ್ತಾಗಿ ತುಂಬಲಾಯಿತು. ಇಂದು ಅಲ್ಲಿ ಗೆರೆ ಹೀಗಿದೆ: 25 ಅಡಿ, ಅಂದರೆ 7.6 ಮೀಟರ್ ಎತ್ತರದ ಕಟ್ಟೆ, ಅಥವಾ 50 ಎಕರೆ ಅಡಿ, ಅಂದರೆ ಸುಮಾರು 61,700 ಘನ ಮೀಟರ್ ನೀರು ಹಿಡಿಯುವ ಕಟ್ಟೆ ರಾಜ್ಯದ ವ್ಯಾಪ್ತಿಗೆ ಬರುತ್ತದೆ. ಎತ್ತರ ಆರಡಿ ಮೀರದಿದ್ದರೆ ಅಥವಾ ಸಂಗ್ರಹ 15 ಎಕರೆ ಅಡಿ ಮೀರದಿದ್ದರೆ ಮಾತ್ರ ಬಿಡುಗಡೆ.

ಗೆರೆ ಅಲ್ಲಿಗೇ ನಿಲ್ಲಲಿಲ್ಲ. 1963ರಲ್ಲಿ ಲಾಸ್ ಏಂಜಲೀಸ್‌ನ ಬಾಲ್ಡ್‌ವಿನ್ ಹಿಲ್ಸ್ ಜಲಾಶಯ ಒಡೆದು ಐವರು ಸತ್ತ ನಂತರ, ಹೊಳೆಗೆ ಅಡ್ಡವಾಗಿರದೆ ಬೆಟ್ಟದ ಮೇಲೆ ಕಟ್ಟಿದ ಜಲಾಶಯಗಳನ್ನೂ ಕಾನೂನಿನೊಳಗೆ ತಂದರು. 1971ರ ಭೂಕಂಪದಲ್ಲಿ, ಮುಲ್‌ಹಾಲೆಂಡ್‌ನ ಸಹಾಯಕನ ಹೆಸರಿನ ವ್ಯಾನ್ ನಾರ್ಮನ್ ಕಟ್ಟೆ ಒಡೆಯುವ ಅಂಚಿಗೆ ಬಂದು ಸುಮಾರು 80 ಸಾವಿರ ಜನರನ್ನು ತೆರವುಗೊಳಿಸಬೇಕಾಯಿತು. ಕಟ್ಟೆ ಒಡೆದರೆ ಎಲ್ಲೆಲ್ಲಿ ಮುಳುಗುತ್ತದೆ ಎಂಬ ನಕ್ಷೆ ತಯಾರಿಸುವ ನಿಯಮ ಆನಂತರ ಬಂತು. 2017ರಲ್ಲಿ ಅಮೆರಿಕದಲ್ಲೇ ಅತಿ ಎತ್ತರದ ಒರೊವಿಲ್ ಅಣೆಕಟ್ಟೆಯ ಕೋಡಿ ಕಿತ್ತುಹೋಗಿ 1,88,000 ಜನರನ್ನು ಮನೆ ಬಿಡಿಸಲಾಯಿತು. ಅದೇ ವರ್ಷ ಕಾನೂನು ಮತ್ತಷ್ಟು ಬಿಗಿಯಾಯಿತು.

ಇದೆಲ್ಲದರ ಫಲವಾಗಿ ಅಲ್ಲಿ ಪ್ರತಿ ಅಣೆಕಟ್ಟೆಗೂ ಎರಡು ಪ್ರತ್ಯೇಕ ಗುರುತುಗಳಿವೆ. ಒಂದು, ಒಡೆದರೆ ಕೆಳಗೆ ಆಗುವ ಹಾನಿಯದು: ಕಡಿಮೆ, ಗಣನೀಯ, ಹೆಚ್ಚು, ಅತಿ ಹೆಚ್ಚು. ಇನ್ನೊಂದು, ಕಟ್ಟೆಯ ಇಂದಿನ ಆರೋಗ್ಯದ್ದು: ತೃಪ್ತಿಕರ, ಸಾಧಾರಣ, ಕಳಪೆ, ಅತೃಪ್ತಿಕರ. ಇವೆರಡನ್ನೂ ಬೆರೆಸಬಾರದು. ‘ಅತಿ ಹೆಚ್ಚು ಹಾನಿ’ಯ ವರ್ಗದಲ್ಲಿರುವ ಕಟ್ಟೆ ಶಿಥಿಲವಾಗಿದೆ ಎಂದರ್ಥವಲ್ಲ, ಅದು ಗಟ್ಟಿಮುಟ್ಟಾಗಿರಬಹುದು. ಆದರೆ ಅದಕ್ಕೆ ಏನಾದರೂ ಆದರೆ ಸಾಯುವವರು ಹೆಚ್ಚು, ಆದ್ದರಿಂದ ಅದರ ಮೇಲಿನ ನಿಗಾ ಹೆಚ್ಚಿರಬೇಕು ಎಂದರ್ಥ. ಸೇಂಟ್ ಫ್ರಾನ್ಸಿಸ್ ಕಟ್ಟೆಗೆ ಈ ಮೊದಲ ಗುರುತು ಇದ್ದಿದ್ದರೆ ಮಾರ್ಚ್ 12ರ ಕೆಸರು ಸೋರಿಕೆಯನ್ನು ಎರಡು ಗಂಟೆಯ ನೋಟಕ್ಕೆ ಬಿಡುತ್ತಿರಲಿಲ್ಲ. ಕಟ್ಟೆಗೆ ಏನೂ ಆಗದು ಎನಿಸಿದರೂ ಕೆಳಗಿನವರಿಗೆ ಒಂದು ಮಾತು ಮುಟ್ಟಿಸುವ ನಿಯಮವಾದರೂ ಇರುತ್ತಿತ್ತು.

ನಮ್ಮ ದೇಶದಲ್ಲಿ ಇಂಥ ಕಾನೂನು ಬರಲು ಬಹಳ ಕಾಲ ಹಿಡಿಯಿತು. 1961ರಲ್ಲಿ ಪುಣೆಯನ್ನು ಮುಳುಗಿಸಿದ ಪಾನ್‌ಶೆತ್, 1979ರಲ್ಲಿ ಗುಜರಾತಿನ ಮೋರ್ಬಿಯನ್ನು ಅಳಿಸಿದ ಮಚ್ಛು ಕಟ್ಟೆಗಳ ನಂತರವೂ ದಶಕಗಳೇ ಉರುಳಿದವು. ಅಣೆಕಟ್ಟೆ ಸುರಕ್ಷತಾ ಕಾಯ್ದೆ ಜಾರಿಗೆ ಬಂದದ್ದು 2021ರ ಡಿಸೆಂಬರ್ 30ರಂದು. ಅದರ ಪ್ರಕಾರ 15 ಮೀಟರ್‌ಗಿಂತ ಎತ್ತರದ ಎಲ್ಲ ಕಟ್ಟೆಗಳೂ ‘ನಿರ್ದಿಷ್ಟ ಅಣೆಕಟ್ಟೆ’ಗಳು. 10ರಿಂದ 15 ಮೀಟರ್ ಎತ್ತರದವು ಐದು ಷರತ್ತುಗಳಲ್ಲಿ ಒಂದನ್ನಾದರೂ ಪೂರೈಸಿದರೆ ಪಟ್ಟಿಗೆ ಸೇರುತ್ತವೆ: ಉದ್ದ 500 ಮೀಟರ್‌ಗೆ ಕಡಿಮೆಯಿಲ್ಲದಿರುವುದು, ಸಂಗ್ರಹ ಹತ್ತು ಲಕ್ಷ ಘನ ಮೀಟರ್‌ಗೆ ಕಡಿಮೆಯಿಲ್ಲದಿರುವುದು, ಗರಿಷ್ಠ ಪ್ರವಾಹ ಸೆಕೆಂಡಿಗೆ 2,000 ಘನ ಮೀಟರ್‌ಗೆ ಕಡಿಮೆಯಿಲ್ಲದಿರುವುದು, ತಳಪಾಯದ ವಿಶೇಷ ತೊಡಕು, ಅಸಾಮಾನ್ಯ ವಿನ್ಯಾಸ. ತಳಪಾಯದ ತೊಡಕು ಎಂಬ ಷರತ್ತನ್ನು ಓದುವಾಗ ಸ್ಯಾನ್ ಫ್ರಾನ್ಸಿಸ್ಕಿಟೊ ಕಮರಿಯ ಎರಡು ದಂಡೆಗಳು ಕಣ್ಣಮುಂದೆ ಬರುತ್ತವೆ. ಕಟ್ಟೆಗಳನ್ನು ದೌರ್ಬಲ್ಯ ಮತ್ತು ಹಾನಿಯ ಸಾಧ್ಯತೆಗೆ ಅನುಸಾರವಾಗಿ ವರ್ಗೀಕರಿಸುವ ಹೊಣೆಯನ್ನೂ ಕಾಯ್ದೆ ರಾಜ್ಯಗಳ ಸುರಕ್ಷತಾ ಸಂಸ್ಥೆಗಳಿಗೆ ವಹಿಸಿದೆ.

ಆದರೂ ಎರಡು ಪ್ರಶ್ನೆಗಳು ಉಳಿಯುತ್ತವೆ. ಒಂದು, ಗೆರೆಯ ಕೆಳಗೆ ಉಳಿದವುಗಳ ಪ್ರಶ್ನೆ. ಕರ್ನಾಟಕದ ಸಾವಿರಾರು ಕೆರೆಗಳ ಏರಿಗಳು ಹತ್ತು ಮೀಟರ್‌ಗಿಂತ ತಗ್ಗು. ಅವುಗಳ ಕೆಳಗೆ ಹಳ್ಳಿ ಇರಲಿ, ಬಡಾವಣೆ ಎದ್ದಿರಲಿ, ಈ ಕಾಯ್ದೆಯ ಕಣ್ಣಿಗೆ ಅವು ಕಾಣುವುದಿಲ್ಲ. ನಮ್ಮ ಕೆರೆಗಳಾದರೋ ಸರಪಳಿಯಂತೆ ಒಂದರ ಕೆಳಗೊಂದು ಇರುವಂಥವು. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನದಕ್ಕೆ ಅದರ ಪೆಟ್ಟು. ಎತ್ತರವೊಂದನ್ನೇ ಬಾಗಿಲಾಗಿಟ್ಟರೆ, ಕೆಳಗಿನ ಜನರ ಲೆಕ್ಕ ಒಳಗೆ ಬರುವುದೇ ಇಲ್ಲ.

ಎರಡನೆಯದು, ಯಾರು ಯಾರನ್ನು ಪರೀಕ್ಷಿಸುತ್ತಾರೆ ಎಂಬ ಪ್ರಶ್ನೆ. ನಮ್ಮ ದೊಡ್ಡ ಕಟ್ಟೆಗಳಲ್ಲಿ ಬಹುಪಾಲಿನ ಒಡೆತನ ರಾಜ್ಯ ಸರ್ಕಾರಗಳದು. ಸುರಕ್ಷತಾ ಸಂಸ್ಥೆಯೂ ಅದೇ ಸರ್ಕಾರದ ಅಂಗ. ಕ್ಯಾಲಿಫೋರ್ನಿಯವೂ ಈ ತೊಡಕಿನಿಂದ ಪೂರ್ಣ ಪಾರಾಗಿಲ್ಲ. ಒರೊವಿಲ್‌ನ ಮಾಲೀಕ ಇಲಾಖೆಯೊಳಗೇ ಅದರ ತಪಾಸಣಾ ವಿಭಾಗವೂ ಇತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಪ್ರಾಣಹಾನಿಯಾಗಲಿಲ್ಲ, ಕೆಲವೇ ದಿನಗಳಲ್ಲಿ ತಾತ್ಕಾಲಿಕ ತಡೆ ಇಳಿಸಿ ನೀರು ಉಳಿಸಿಕೊಂಡರು. ಕಟ್ಟೆ ಗಟ್ಟಿಯಾಗಿದ್ದರೂ ಅದರ ಒಂದು ಕೊಂಡಿ ಸವೆದಿರಬಹುದು ಎಂಬುದನ್ನು ಆ ರಾತ್ರಿ ನೆನಪಿಸಿತು. ಅಂಥ ಕೊಂಡಿಯನ್ನು ಮಳೆಗಾಲಕ್ಕೆ ಮೊದಲೇ ಗುರುತಿಸಿ ಬರೆದಿಡುವ ಕೆಲಸವೇ ವರ್ಗೀಕರಣ. ಬರೆದದ್ದನ್ನು ಮಾಲೀಕ ಇಲಾಖೆಗೆ ಅಂಜದೆ ಹೇಳಬಲ್ಲವರೂ ಬೇಕು.

ಸೇಂಟ್ ಫ್ರಾನ್ಸಿಸ್ ಕಟ್ಟೆ ಒಡೆದ ಮೇಲೂ ಅದರ ನಡುಭಾಗ ಗೋರಿಕಲ್ಲಿನಂತೆ ನಿಂತಿತ್ತು. 1929ರಲ್ಲಿ ಅದನ್ನು ಸಿಡಿಸಿ ಉರುಳಿಸಿದರು. ಸತ್ತವರ ನೆನಪಿಗೆ ಅಲ್ಲಿ ರಾಷ್ಟ್ರೀಯ ಸ್ಮಾರಕ ಸ್ಥಾಪಿಸುವ ಕಾನೂನಿಗೆ ಅಂಕಿತ ಬಿದ್ದದ್ದು 2019ರ ಮಾರ್ಚ್ 12ರಂದು, ದುರಂತ ನಡೆದು ಸರಿಯಾಗಿ 91 ವರ್ಷಗಳ ಬಳಿಕ. ಅದಕ್ಕಿಂತ ಉಪಯುಕ್ತವಾದ ಇನ್ನೊಂದು ಸ್ಮಾರಕವೂ ಇದೆ. ಕ್ಯಾಲಿಫೋರ್ನಿಯ ತನ್ನ ವ್ಯಾಪ್ತಿಯ 1,200ಕ್ಕೂ ಹೆಚ್ಚು ಅಣೆಕಟ್ಟೆಗಳ ಹಾನಿ ವರ್ಗವನ್ನೂ ಆರೋಗ್ಯದ ಗುರುತನ್ನೂ ಪಟ್ಟಿ ಮಾಡಿ ಪ್ರಕಟಿಸುತ್ತದೆ. ಯಾವ ನಾಗರಿಕನಾದರೂ ತನ್ನ ಊರಿನ ಮೇಲಿರುವ ಕಟ್ಟೆಯ ಸ್ಥಿತಿಯನ್ನು ಓದಿ ತಿಳಿದುಕೊಳ್ಳಬಹುದು. ನಮ್ಮ ಕಟ್ಟೆಗಳ ಕೆಳಗೆ ಬದುಕುವವರಿಗೂ ಅಂಥದೇ ಒಂದು ಪಟ್ಟಿ, ಅವರ ಭಾಷೆಯಲ್ಲಿ, ಅವರ ಪಂಚಾಯಿತಿಯ ಗೋಡೆಯ ಮೇಲೆ ಸಿಗುವಂತಾಗಬೇಕು. ಕಾಯ್ದೆ ಕೇಳುವ ತಪಾಸಣೆಗಳು ನಡೆದರೆ, ಅದಕ್ಕೆ ಬೇಕಾದ ಮಾಹಿತಿ ಕಡತಗಳಲ್ಲಿ ಹೇಗಿದ್ದರೂ ಇರುತ್ತದೆ.